ಇಳಿಯುವಾಗ ತೋರುವ ಎತ್ತರ

ಭಾನುಪ್ರಿಯಳ ಮನೆಯಲ್ಲಿ ಗಂಡ ಅಡಿಗಳನ್ನು ಕೆಳಮುಖವಾಗಿ ಎಣಿಸುತ್ತಾನೆ, ಹೆಂಡತಿ ಮೇಲ್ಮುಖವಾಗಿ. ಗಂಡ ನಟರಾಜು ಮಾಗಡಿ ಸುತ್ತಮುತ್ತ ಬೋರ್‌ವೆಲ್‌ಗಳಿಗೆ ಮೋಟರು, ಪೈಪು ಇಳಿಸುವವನು. ಆರುನೂರು ಅಡಿ, ಒಂಬೈನೂರು ಅಡಿ, ಒಮ್ಮೊಮ್ಮೆ ಸಾವಿರದ ಇನ್ನೂರು. ಹೆಂಡತಿ ಬಿಡದಿ ಕೈಗಾರಿಕಾ ಪ್ರದೇಶದ ಕೊನೆಯ ಅಡ್ಡರಸ್ತೆಯ ಒಂದು ಶೆಡ್ಡಿನಲ್ಲಿ, ಪುಟ್ಟ ವಿಮಾನಗಳ ಚಾಲಕರ ಕಣ್ಣೆದುರು ಕೂರುವ ಎಲೆಕ್ಟ್ರಾನಿಕ್ ಪರದೆಗಳನ್ನು ರಿಪೇರಿ ಮಾಡಿ, ಅವು ಎತ್ತರವನ್ನು ಸರಿಯಾಗಿ ತೋರಿಸುತ್ತವೆಯೇ ಎಂದು ಪರೀಕ್ಷಿಸುವವಳು. ಹತ್ತು ಸಾವಿರ, ಹದಿನೈದು ಸಾವಿರ ಅಡಿ ಎಂದರೆ ಅವಳಿಗೆ ದಿನದ ಮಾತು. ಇಷ್ಟೆಲ್ಲ ಆಗಿಯೂ ಆಕೆ ಇದುವರೆಗೆ ವಿಮಾನ ಹತ್ತಿದವಳಲ್ಲ. ಮಾಗಡಿಯಲ್ಲಿ ಬೆಳಿಗ್ಗೆ ಏಳೂ ಹತ್ತರ ಬಸ್ಸು ಹತ್ತುತ್ತಾಳೆ, ಸಂಜೆ ಸಿಕ್ಕಿದ ಬಸ್ಸಿಗೆ ಹಿಂತಿರುಗುತ್ತಾಳೆ. ಬೀದಿಯವರು ‘ಏರೋಪ್ಲೇನ್ ಭಾನು’ ಎಂದು ಹೆಸರಿಟ್ಟಿದ್ದಾರೆ. ಏರೋಪ್ಲೇನಿನೊಳಗೆ ಹೇಗಿರುತ್ತದಮ್ಮ ಎಂದು ಯಾರಾದರೂ ಕೇಳಿದರೆ ಸುಳ್ಳು ಹೇಳಲು ಬಾಯಿ ಬಾರದೆ ಮಾತು ಬದಲಿಸುತ್ತಾಳೆ.

ಹುಟ್ಟಾ ಅಂಜುಬುರುಕಿ ಅವಳು. ಕುದೂರಿನ ತವರಿನಲ್ಲಿದ್ದಾಗಲೇ ದನ ಕಟ್ಟಿದ ಹಗ್ಗವನ್ನು ಎರಡೆರಡು ಸಲ ಎಳೆದು ನೋಡುತ್ತಿದ್ದಳಂತೆ. ಈಗಲೂ ಬಸ್‌ಸ್ಟ್ಯಾಂಡಿನ ತನಕ ಹೋದವಳು ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿ ವಾಪಸು ಬಂದದ್ದುಂಟು. ನಟರಾಜು ನಗುತ್ತಾನೆ. ನನ್ನನ್ನು ಕೇಳಿದರೆ ನಗುವಂಥದ್ದೇನೂ ಇಲ್ಲ. ಯಾರದೋ ಜೀವ ಇನ್ಯಾರದೋ ಕೈಯಲ್ಲಿರುವ ಕೆಲಸಗಳಲ್ಲಿ ಧೈರ್ಯವಂತರಿಗಿಂತ ಇಂಥವರೇ ವಾಸಿ.

ಶೆಡ್ಡು ರುದ್ರಪ್ರಸಾದ್ ಅವರದು. ರಾಮನಗರದಲ್ಲಿ ಮೂರು ತಲೆಮಾರಿನಿಂದ ಅಂಗಡಿ ನಡೆಸಿದ ಮನೆತನ. ಅವರೊಬ್ಬರು ಅಂಗಡಿ ಬೇಡವೆಂದು ವಿಮಾನದ ಉಪಕರಣಗಳ ರಿಪೇರಿ ಕಲಿತು ಬಂದು, ‘ರೇವಣಸಿದ್ಧೇಶ್ವರ ಏವಿಯಾನಿಕ್ಸ್’ ಎಂದು ಬೋರ್ಡು ಹಾಕಿದರು. ಇರುವವರು ಆರು ಜನ. ಒಂಬತ್ತು ವರ್ಷದ ಹಿಂದೆ ಭಾನುಪ್ರಿಯ ಡಿಪ್ಲೊಮಾ ಸರ್ಟಿಫಿಕೇಟು ಹಿಡಿದುಕೊಂಡು ಬಂದಾಗ, ಅವಳನ್ನು ಕೂರಿಸಿ ಪರದೆ ಓದುವುದನ್ನು ಕಲಿಸಿದವನು ನಿಯಾಜ್. ಚನ್ನಪಟ್ಟಣದಿಂದ ರೈಲಿನಲ್ಲಿ ಓಡಾಡುವ, ಐವತ್ತೆಂಟು ತುಂಬಿದ, ಮಾತಿಗೆ ಮುಂಚೆ ಕೆಮ್ಮುವ ಮನುಷ್ಯ.

ಹಳೆಯ ವಿಮಾನಗಳಲ್ಲಿ ಗಡಿಯಾರದಂಥ ಡಬ್ಬಿಯಿತ್ತು, ಮುಳ್ಳು ತಿರುಗುತ್ತಿತ್ತು, ಎತ್ತರ ಗೊತ್ತಾಗುತ್ತಿತ್ತು. ಈಗ ಗಾಜು. ಪರದೆಯ ಬಲಗಡೆ ಅಂಕಿಗಳ ಒಂದು ನಿಲುವಾದ ಪಟ್ಟಿ. ನಡುವೆ ಒಂದು ಕಪ್ಪು ಚೌಕ. ಆ ಚೌಕದೊಳಗೆ ಬಂದು ನಿಂತ ಅಂಕಿಯೇ ಈಗಿನ ಎತ್ತರ. ವಿಮಾನ ಏರಿದರೆ ಪಟ್ಟಿ ಕೆಳಕ್ಕೆ ಜಾರುತ್ತದೆ, ಇಳಿದರೆ ಮೇಲಕ್ಕೆ. ಇದು ತಲೆಗೆ ಹೋಗಲು ಭಾನುಪ್ರಿಯಗೆ ಮೂರು ದಿನ ಹಿಡಿಯಿತು. ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಸಣ್ಣ ಬಾಣ. ನಿಮಿಷಕ್ಕೆ ಎಷ್ಟು ಅಡಿ ಏರುತ್ತಿದ್ದೇವೆ, ಎಷ್ಟು ಇಳಿಯುತ್ತಿದ್ದೇವೆ ಎಂದು ಅದು ಹೇಳುತ್ತದೆ. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ಪರದೆಯ ಬೆನ್ನಿಗಿರುವ ಒಂದು ಸಣ್ಣ ಕಿಂಡಿಯ ಮೂಲಕ ಗಾಳಿಯ ಒತ್ತಡ ಒಳಗೆ ಹೋಗುತ್ತದೆ, ಯಂತ್ರ ಅದನ್ನು ಅಡಿಗಳಾಗಿ ಬದಲಿಸುತ್ತದೆ. ಇಷ್ಟೇ ಗುಟ್ಟು. ಹಾಗಾಗಿ ಎತ್ತರ ಪರೀಕ್ಷಿಸಲು ಆಕಾಶಕ್ಕೆ ಹೋಗಬೇಕಾಗಿಲ್ಲ. ಮೇಜಿನ ಮೇಲಿಟ್ಟು, ಆ ಕಿಂಡಿಗೆ ಪೈಪು ಸಿಕ್ಕಿಸಿ, ಪಂಪಿನಿಂದ ಒಸಿ ಒಸಿಯಾಗಿ ಗಾಳಿ ಎಳೆದರೆ ಸಾಕು. ವಿಮಾನವಿಲ್ಲದ ಪರದೆ ಬಿಡದಿಯಲ್ಲೇ ಕೂತು ಹದಿನೈದು ಸಾವಿರ ಅಡಿ ಏರುತ್ತದೆ.

ಪಂಪು ಹಾಕದೆ ಸುಮ್ಮನಿಟ್ಟರೂ ಚೌಕದಲ್ಲಿ ಎರಡು ಸಾವಿರದ ನಾನೂರರ ಆಸುಪಾಸು ಇರುತ್ತದೆ, ಏಕೆಂದರೆ ಬಿಡದಿ ಸಮುದ್ರಕ್ಕಿಂತ ಅಷ್ಟು ಮೇಲಿದೆ. ಇದನ್ನು ಹೇಳಿದ ದಿನ ನಟರಾಜು ಊಟ ಮಾಡುತ್ತಿದ್ದವನು ಕೈ ನಿಲ್ಲಿಸಿ ಯೋಚನೆ ಮಾಡಿದ್ದ. ಸಾವಿರದ ಇನ್ನೂರು ಅಡಿ ಪೈಪು ಇಳಿಸಿದರೂ ತಾನಿನ್ನೂ ಸಮುದ್ರದ ಮಟ್ಟ ಮುಟ್ಟಿಲ್ಲ ಎಂದು ಅವನಿಗೆ ಅವಮಾನವಾದಂತಿತ್ತು.

ಆರು ವರ್ಷ ನಿಯಾಜನ ಕೈಕೆಳಗೆ ದುಡಿದ ಮೇಲೆ, ಮೂರು ವರ್ಷದ ಹಿಂದೆ, ಪರೀಕ್ಷೆ ಬರೆದು ಅವಳು ಸ್ಟಾಂಪು ಪಡೆದಳು. ಹೆಬ್ಬೆಟ್ಟಿನಷ್ಟು ಗಾತ್ರದ ರಬ್ಬರ್ ಸ್ಟಾಂಪು, ಅದರಲ್ಲಿ ಏಳು ಎಂಬ ಅಂಕಿ. ಅದನ್ನು ಒತ್ತಿದ ಕಾಗದ ಜೊತೆಗಿದ್ದರೆ ಮಾತ್ರ ಪರದೆ ವಿಮಾನಕ್ಕೆ ಹೋಗಬಹುದು. ಅಂದು ಅವಳು ಮನೆಗೆ ಹೋಗಿ ಆ ಸುದ್ದಿ ಹೇಳಿದ್ದು ಒಂದೇ ಸಲ, ಅದೂ ಮೆಲ್ಲಗೆ. ಹೆಮ್ಮೆಗಿಂತ ಹೆದರಿಕೆಯೇ ಹೆಚ್ಚಾಗಿತ್ತು ಅವಳಿಗೆ. ಅದುವರೆಗೆ ತಪ್ಪಾದರೆ ನಿಯಾಜ್ ಇದ್ದ, ಇನ್ನು ಮೇಲೆ ತಾನೇ ಎಂದು ರಾತ್ರಿಯೆಲ್ಲ ಹೊರಳಾಡಿದಳು.

ಇಂಥ ಭಾನುಪ್ರಿಯ ಕಳೆದ ಗುರುವಾರ ಮಾಡಬಾರದ್ದನ್ನು ಮಾಡಿದಳು.

ಉತ್ತರದ ಜಿಲ್ಲೆಯೊಂದರ ವಿಮಾನ ತರಬೇತಿ ಶಾಲೆಯಿಂದ ರಿಪೇರಿಗೆ ಬಂದ ಪರದೆ ಅದು. ಬೆಳಕು ಹೋಗಿತ್ತು, ಅದನ್ನು ಸರಿಮಾಡಿದ್ದಾಗಿತ್ತು. ಉಳಿದದ್ದು ಎತ್ತರದ ಪರೀಕ್ಷೆ. ಮೊದಲು ಸೋರಿಕೆ ನೋಡಬೇಕು. ಗಾಳಿ ಎಳೆದು, ವಾಲ್ವು ಮುಚ್ಚಿ, ಒಂದು ನಿಮಿಷ ಕಾದರೆ ಅಂಕಿ ನೂರು ಅಡಿಗಿಂತ ಹೆಚ್ಚು ಜಾರಬಾರದು. ಅಂದು ನಾನೂರು ಅಡಿ ಜಾರಿತು. ಸೋರುತ್ತಿದ್ದದ್ದು ಪರದೆಯಲ್ಲ, ಮೇಜಿನ ಪೈಪಿನ ತುದಿಯಲ್ಲಿದ್ದ ಹಿತ್ತಾಳೆಯ ಜೋಡಣೆ. ಅದರೊಳಗಿನ ರಬ್ಬರ್ ಉಂಗುರ ಸವೆದಿತ್ತು. ಹೊಸ ಉಂಗುರ ಬರುವುದು ಶನಿವಾರ. ಶಾಲೆಯವರು ವಿಮಾನ ಸುಮ್ಮನೆ ನಿಂತಿದೆ ಎಂದು ಬೆಳಿಗ್ಗೆಯಿಂದ ಮೂರು ಸಲ ಫೋನು ಮಾಡಿದ್ದರು. ಸಂಜೆಯ ಕೊರಿಯರಿಗೆ ಹೋಗಲೇಬೇಕು ಎಂದು ರುದ್ರಪ್ರಸಾದ್ ಹೇಳಿ ಹೊರಗೆ ಹೋಗಿದ್ದರು.

ಅವಳ ಬ್ಯಾಗಿನಲ್ಲಿ ಎರಡು ಸುರುಳಿ ಥ್ರೆಡ್ ಟೇಪು ಇತ್ತು. ನಲ್ಲಿಯ ಮರೆಗೆ, ಅಂದರೆ ತಿರುಪಿನ ಗೆರೆಗಳಿಗೆ, ಸುತ್ತುವ ಬಿಳೀ ಟೇಪು, ಗಂಡ ತರಹೇಳಿದ್ದು, ಬಿಡದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಹಿಂದಿನ ದಿನ ಕೊಂಡದ್ದು. ವಿಮಾನದ ಗಾಳಿ ಪೈಪಿಗೆ ಈ ಟೇಪು ಬಳಸಕೂಡದು ಎಂದು ಗೋಡೆಯ ಮೇಲೆ ಬರೆದು ಅಂಟಿಸಿದ್ದಾರೆ. ಅವಳಿಗೆ ಅದು ಬಾಯಿಪಾಠ. ಆದರೆ ಇದು ವಿಮಾನದ ಪೈಪಲ್ಲವಲ್ಲ, ಮೇಜಿನ ಪೈಪು ತಾನೆ ಎಂದು ಮನಸ್ಸು ಒಂದು ಸಂದಿ ಹುಡುಕಿಕೊಂಡಿತು. ಸುತ್ತುವುದು ಹೇಗೆಂದು ಗಂಡ ಕಲಿಸಿಕೊಟ್ಟಿದ್ದ. ಮರೆಯ ನಡುವಿನಿಂದ ಶುರು ಮಾಡಿದರೆ ಸೋರುತ್ತದೆ, ಪೈಪಿನ ಬಾಯಿಯ ಅಂಚಿನಿಂದಲೇ ಹಿಡಿದು ಬಿಗಿಯಾಗಿ ಸುತ್ತಬೇಕು ಎಂಬುದು ಮಾಗಡಿ ಕಡೆಯ ಬೋರ್‌ವೆಲ್‌ನವರ ಪದ್ಧತಿ. ಅವಳು ಹಾಗೆಯೇ ಬಾಯಿಯ ಅಂಚಿನಿಂದ ಆರು ಸುತ್ತು ಸುತ್ತಿದಳು. ಸೋರಿಕೆ ನಿಂತಿತು. ಪರದೆ ಪ್ರತಿ ಹಂತದಲ್ಲೂ ಸರಿಯಾದ ಎತ್ತರ ತೋರಿಸಿತು. ಪೈಪು ಬಿಚ್ಚಿ, ಕಿಂಡಿಗೆ ಮುಚ್ಚಳ ಹಾಕಿ, ಕಾಗದದ ಮೇಲೆ ಏಳನೆಯ ಸ್ಟಾಂಪು ಒತ್ತಿದಳು.

ಶನಿವಾರ ಬರಬೇಕಿದ್ದ ಹೊಸ ರಬ್ಬರ್ ಉಂಗುರ ಕೈಗೆ ಬಂದದ್ದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ. ಅದನ್ನು ಕೂರಿಸಲು ಅವಳು ಟೇಪು ಬಿಡಿಸತೊಡಗಿದಳು. ಒಂದು, ಎರಡು, ಮೂರು ಸುತ್ತು ಸಲೀಸಾಗಿ ಬಂತು. ಬಾಯಿಯ ಅಂಚಿನ ಹತ್ತಿರ ಬಂದಾಗ ಟೇಪಿನ ತುದಿ ಇರಲಿಲ್ಲ. ಕತ್ತರಿಸಿದಂತಿರಲಿಲ್ಲ, ಹರಿದಂತಿತ್ತು. ಎರಡು ಅಕ್ಕಿಕಾಳಿನುದ್ದದ ಚೂರು ಎಲ್ಲೋ ಹೋಗಿತ್ತು.

ಅವಳು ಮೊದಲು ಮೇಜಿನ ಮೇಲೆ ಹುಡುಕಿದಳು. ಆಮೇಲೆ ಪೈಪು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದಳು. ಪಂಪಿನ ಜಾಲರಿ ತೆಗೆದಳು, ಅದರಲ್ಲಿ ಧೂಳು ಬಿಟ್ಟರೆ ಏನೂ ಇರಲಿಲ್ಲ. ಗುರುವಾರದಿಂದ ಆ ಮೇಜಿನ ಮೇಲೆ ಬೇರೆ ಯಾವ ಪರದೆಯನ್ನೂ ಇಟ್ಟಿರಲಿಲ್ಲ. ನೆಲದ ಮೇಲೆ ಮಂಡಿಯೂರಿ ಮೊಬೈಲಿನ ಟಾರ್ಚು ಹಿಡಿದುಕೊಂಡು ಮೇಜಿನ ಕಾಲಿನ ಸುತ್ತ ತಡಕಾಡುತ್ತಿದ್ದಾಗ ನಿಯಾಜ್ ಬಂದು ಕೆಮ್ಮಿ, ಏನು ಕಳೆದುಕೊಂಡೆಯಮ್ಮ ಎಂದು ಕೇಳಿದ. ಓಲೆಯ ತಿರುಪು ಎಂದಳು. ಸುಳ್ಳು ಅಷ್ಟು ಬೇಗ ಬಾಯಿಗೆ ಬಂದದ್ದು ಕಂಡು ಅವಳಿಗೇ ಹೇಸಿಗೆಯಾಯಿತು.

ಚೂರು ಪೈಪಿನಲ್ಲಿಲ್ಲ, ಪಂಪಿನಲ್ಲಿಲ್ಲ, ನೆಲದಲ್ಲಿಲ್ಲ. ಪೈಪು ಬಿಚ್ಚುವಾಗ ತಿರುವಿದ ರಭಸಕ್ಕೆ ಹರಿದು ಪರದೆಯ ಕಿಂಡಿಯೊಳಗೇ ಉಳಿದಿರಬಹುದು. ಇಲ್ಲವೇ ಗುರುವಾರವೇ ಕಸಬರಿಕೆಗೆ ಸಿಕ್ಕು ಬೀದಿ ಸೇರಿರಬಹುದು. ಎರಡರಲ್ಲಿ ಯಾವುದು? ಎರಡನೆಯದೇ ಇರಲಿ ಎಂದು ಅವಳು ಕುದೂರಿನಿಂದ ಹಿಡಿದು ನೆನಪಿಗೆ ಬಂದ ಎಲ್ಲ ದೇವರಿಗೂ ಹರಕೆ ಹೊತ್ತಳು.

ಶೆಡ್ಡಿನ ಹಿಂದೆ ಹೋಗಿ ಗಂಡನಿಗೆ ಫೋನು ಮಾಡಿದಳು. ನಟರಾಜು ಕುದೂರಿನ ಹತ್ತಿರ ಯಾರದೋ ತೋಟದಲ್ಲಿ ಪೈಪು ಎತ್ತಿಸುತ್ತಿದ್ದ. ಟೇಪಿನ ಚೂರು ಪೈಪಿನ ಬಾಯೊಳಗೆ ಬಿದ್ದರೆ ಏನಾಗುತ್ತದೆ ಎಂದು ಕೇಳಿದಳು. ಏನೂ ಆಗೊಲ್ಲ, ನೀರಿನ ರಭಸಕ್ಕೆ ಆಚೆ ಬಂದುಬಿಡುತ್ತದೆ ಎಂದ ಅವನು. ನೀರಿಲ್ಲ, ಬರೀ ಗಾಳಿ, ಅದೂ ನಿಂತ ಗಾಳಿ ಎಂದಳು. ಅವನು ಆ ಕಡೆ ಯಾರಿಗೋ ಹಗ್ಗ ಬಿಗಿಹಿಡಿಯಲು ಹೇಳಿ, ಮತ್ತೆ ಫೋನಿಗೆ ಬಂದ.

“ಹಂಗಾದ್ರೆ ಅದು ಫುಟ್‌ವಾಲ್ವಿನ ರೆಪ್ಪೆ ಥರ ಆಡ್ತದೆ ಕಣಮ್ಮಿ. ಗಾಳಿ ಆಚೆ ಬರೋವಾಗ ತಕ್ಕೋತದೆ, ಒಳಿಕ್ಕೆ ಹೋಗೋವಾಗ ಮುಚ್ಕೋತದೆ. ಯಾಕೆ, ಏನಾಯ್ತು?”

ಏನಿಲ್ಲ ಎಂದು ಅವಳು ಫೋನು ಇಟ್ಟಳು. ಗಂಡ ಬಾವಿಯ ಮಾತು ಆಡಿದ್ದ, ಅವಳ ಕಣ್ಣಿಗೆ ಆಕಾಶ ಕಂಡಿತ್ತು. ವಿಮಾನ ಏರುವಾಗ ಗಾಳಿ ಕಿಂಡಿಯಿಂದ ಆಚೆ ಬರುತ್ತದೆ, ರೆಪ್ಪೆ ತೆರೆದುಕೊಳ್ಳುತ್ತದೆ, ಎತ್ತರ ಸರಿಯಾಗಿ ತೋರುತ್ತದೆ. ಇಳಿಯುವಾಗ ಗಾಳಿ ಒಳಗೆ ಹೋಗಬೇಕು. ಆಗ ರೆಪ್ಪೆ ಮುಚ್ಚಿಕೊಂಡರೆ ಒಳಗೆ ಮೇಲಿನ ತೆಳು ಗಾಳಿಯೇ ಉಳಿಯುತ್ತದೆ. ವಿಮಾನ ಕೆಳಗೆ ಬಂದಿರುತ್ತದೆ, ಪರದೆ ಇನ್ನೂ ಮೇಲಿದ್ದೀಯ ಎನ್ನುತ್ತದೆ. ನೆಲ ಇನ್ನೂ ಐನೂರು ಅಡಿ ಕೆಳಗಿದೆ ಎಂದು ನಂಬಿಕೊಂಡವರಿಗೆ ನೆಲ ಇನ್ನೂರು ಅಡಿಯಲ್ಲೇ ಇರುತ್ತದೆ.

ರುದ್ರಪ್ರಸಾದರಿಗೆ ಫೋನು ಮಾಡಿದಳು. ಅವರು ರಾಮನಗರದಲ್ಲಿ ಯಾವುದೋ ಕಚೇರಿಗೆ ಹೋಗಿದ್ದರು, ಫೋನು ಸ್ವಿಚ್ ಆಫ್. ಎರಡನೆಯ ಸಲವೂ ಅದೇ. ಒಳಗೆ ಬಂದು ಕೊನೆಗೆ ನಿಯಾಜನ ಮುಂದೆ ಬಾಯಿಬಿಟ್ಟಳು. ಕೇಳುತ್ತ ಕೇಳುತ್ತ ಅವನ ಮುಖ ಸಣ್ಣಗಾಯಿತು. ಅವನು ಅವಳನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅಲ್ಲಿನವರೂ ಪರದೆ ಕೂರಿಸುವ ಮುಂಚೆ ಪರೀಕ್ಷೆ ಮಾಡಿರುತ್ತಾರೆ, ಏನಾದರೂ ಇದ್ದಿದ್ದರೆ ಇಷ್ಟು ಹೊತ್ತಿಗೆ ಫೋನು ಬರುತ್ತಿತ್ತು ಎಂದ. ಚೂರು ಒಳಗೆ ಹೋಗಿದೆ ಎಂದು ನೀನು ಕಂಡೆಯಾ ಎಂದು ಕೇಳಿದ.

“ಸಾರ್ ಬರ್ಲಿ. ಅವ್ರು ಏನಂತಾರೋ ಅಂಗೆ ಮಾಡೋಣ. ನೀನಾಗಿ ಹೇಳ್ಬುಟ್ರೆ ಸ್ಟಾಂಪು ಹೋಯ್ತದೆ. ನಿಂದೊಂದೇ ಅಲ್ಲ, ಶೆಡ್ಡಿಗೆ ಬೀಗ ಬಿದ್ರೂ ಬಿತ್ತೇ.”

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಕಷ್ಟ. ಆರು ಜನ, ಆರು ಮನೆ. ನಿಯಾಜನಿಗೆ ಇನ್ನೆರಡು ವರ್ಷ ಕಳೆದರೆ ವಿಶ್ರಾಂತಿ. ಮೇಲಾಗಿ ಇದು ಸರಿಯಾಗಿ ಗೊತ್ತಿಲ್ಲದ ಸಂಗತಿ. ಗೊತ್ತಿಲ್ಲದ್ದನ್ನು ಹೇಳಿ ಎಲ್ಲರ ಹೊಟ್ಟೆಯ ಮೇಲೆ ಕಲ್ಲು ಹಾಕುವುದು ಯಾವ ನ್ಯಾಯ ಎಂದು ಒಂದು ಮನಸ್ಸು ವಾದ ಮಾಡಿತು. ಇನ್ನೊಂದು ಮನಸ್ಸು ವಾದವನ್ನೇ ಮಾಡಲಿಲ್ಲ, ಅದು ಬರೀ ಹೆದರಿತು. ಅಲ್ಲಿನವರ ಪರೀಕ್ಷೆಯೂ ಇಲ್ಲಿಯ ಹಾಗೆಯೇ ಎಂದು ಅವಳಿಗೆ ಗೊತ್ತು. ಗಾಳಿ ಎಳೆದು ಏರಿಸಿ ನೋಡುತ್ತಾರೆ, ಸೋರಿಕೆ ನೋಡುತ್ತಾರೆ, ಆಮೇಲೆ ಗಾಳಿಯನ್ನು ಮೆಲ್ಲಗೆ ಬಿಡುತ್ತಾರೆ. ಮೆಲ್ಲಗೆ ಬಿಟ್ಟ ಗಾಳಿ ರೆಪ್ಪೆಯ ಸಂದಿಯಲ್ಲೇ ನುಸುಳಿ ಅಂಕಿ ಸರಿಹೋಗುತ್ತದೆ, ನೆಲದ ಮೇಲೆ ನಿಂತ ವಿಮಾನದಲ್ಲೂ ಹಾಗೆಯೇ. ರಭಸವಾಗಿ ಇಳಿಸಿ ನೋಡುವವರು ಯಾರಿದ್ದಾರೆ? ಅದನ್ನು ನೋಡುವುದು ವಿಮಾನವೇ.

ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತು. ಫೈಲಿನಿಂದ ಗುರುವಾರದ ಕಾಗದದ ನಕಲು ತೆಗೆದಳು. ಕೆಳಗೆ ತನ್ನ ಸ್ಟಾಂಪು, ಮೇಲೆ ಶಾಲೆಯ ಫೋನು ನಂಬರು. ಎರಡರ ನಡುವೆ ಗೇಣುದ್ದದ ಜಾಗ. ನಂಬರು ಒತ್ತುವ ಮುಂಚೆ ಅವಳು ನಿಯಾಜನ ಕಡೆ ನೋಡಲಿಲ್ಲ, ನೋಡಿದ್ದರೆ ಒತ್ತುತ್ತಿರಲಿಲ್ಲ.

ಫೋನು ಎತ್ತಿದವನು ಮುಜಾಮಿಲ್, ಶಾಲೆಯ ವಿಮಾನಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್. ನಮ್ಮ ಪರದೆ ಕೂರಿಸಿದ್ದೀರಾ ಎಂದು ಅವಳು ಕೇಳಿದಳು. ಶನಿವಾರವೇ ಕೂರಿಸಿದ್ದಾಯಿತು, ಬೆಳಕು ಚೆನ್ನಾಗಿ ಬಂದಿದೆ ಎಂದು ಅವನು ಹೊಗಳಿದ. ವಿಮಾನ ಈಗ ಎಲ್ಲಿದೆ ಎಂದಳು.

“ಈಗ ಮ್ಯಾಲ ಐತ್ರಿ ಮೇಡಂ. ಕಲಿಯೋ ಹುಡುಗಿ, ಜೋಡಿ ಮಾಸ್ತರು ಅದಾರ. ಯಾಕ್ರಿ?”

ಅವಳು ಹೇಳಬೇಕೆಂದು ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಚೆಲ್ಲಾಪಿಲ್ಲಿಯಾದವು. ಉಳಿದದ್ದು ಬೇಕಾದಷ್ಟೇ.

“ಇಳಿಯೋವಾಗ ಪರದೆ ನಂಬಬ್ಯಾಡಿ ಅಂತ ಈಗ್ಲೇ ಅವ್ರಿಗೆ ಹೇಳಿ. ಅದು ಇರೋದಕ್ಕಿಂತ ಜಾಸ್ತಿ ಎತ್ತರ ತೋರ್ಸಬೋದು. ಅದರ ಕಿಂಡಿಲಿ ಟೇಪಿನ ಚೂರು ಇರ್ಬೋದು, ನನ್ನ ಕೈಯಿಂದ ಬಿದ್ದಿದ್ದು. ಪಕ್ಕದ ಮುಳ್ಳಿನ ಗಡಿಯಾರ ನೋಡ್ಕೊಂಡು ಇಳೀಲಿ.”

ಆ ಕಡೆ ಕುರ್ಚಿ ಉರುಳಿದ ಸದ್ದು, ಓಡುವ ಹೆಜ್ಜೆಯ ಸದ್ದು, ಫೋನು ಕಡಿದುಹೋಯಿತು.

ಇಂಥ ವಿಮಾನಗಳಲ್ಲಿ ಗಾಜಿನ ಪರದೆಯ ಪಕ್ಕದಲ್ಲಿ ಎತ್ತರ ತೋರಿಸುವ ಹಳೆಯ ಕಾಲದ ಮುಳ್ಳಿನ ಗಡಿಯಾರವೊಂದನ್ನು ಉಳಿಸಿರುತ್ತಾರೆ. ಅದಕ್ಕೆ ಬೇರೆ ಕಿಂಡಿ. ಅದು ಸರಿಯಾಗಿಯೇ ತೋರಿಸುತ್ತದೆ. ಜೊತೆಗೆ ಮಾಸ್ತರರಿದ್ದಾರೆ, ಹಗಲು ಹೊತ್ತು, ಕಿಟಕಿಯಿಂದ ನೆಲ ಕಾಣುತ್ತದೆ. ಇವೆಲ್ಲ ಭಾನುಪ್ರಿಯಗೆ ಗೊತ್ತಿತ್ತು. ಆದರೆ ಈಗಿನ ಮಕ್ಕಳು ಮುಳ್ಳು ನೋಡುವುದೇ ಇಲ್ಲ, ಗಾಜಿಗೇ ಕಣ್ಣು ನೆಟ್ಟಿರುತ್ತಾರೆ ಎಂದು ನಿಯಾಜನೇ ಎಷ್ಟೋ ಸಲ ಗೊಣಗಿದ್ದ. ಬಿಸಿಲಿಗೆ ಮಂಜು ಮಂಜಾಗಿದ್ದರೆ? ಹುಡುಗಿ ಗಾಬರಿಯಾದರೆ? ರೇಡಿಯೋದಲ್ಲಿ ಹೇಳಿದ್ದು ಸರಿಯಾಗಿ ಕೇಳಿಸದಿದ್ದರೆ?

ಸ್ಟೂಲಿನ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಫೋನನ್ನು ಮೇಜಿನ ಮೇಲೆ ಕಣ್ಣೆದುರಿಗೆ ಇಟ್ಟುಕೊಂಡಳು. ಸಾವಿರ ಅಡಿಯಿಂದ ಇಳಿಯಲು ಎರಡು ನಿಮಿಷ ಸಾಕು. ಎರಡು ನಿಮಿಷ ಎಂದೋ ಮುಗಿದಿತ್ತು. ಮುಗಿದ ಮೇಲೂ ಫೋನು ಬಾರದಿದ್ದರೆ ಅದರ ಅರ್ಥವೇನು? ಒಳ್ಳೆಯ ಸುದ್ದಿಗೆ ಯಾರೂ ಅವಸರ ಮಾಡುವುದಿಲ್ಲ ಎಂದುಕೊಂಡಳು. ಕೆಟ್ಟದ್ದಾದರೆ ಫೋನು ಮಾಡಲು ಅಲ್ಲಿ ಯಾರಿಗೆ ಪುರುಸೊತ್ತು ಎಂದು ಮರುಕ್ಷಣವೇ ಅನ್ನಿಸಿತು. ನಿಯಾಜ್ ಒಂದು ಲೋಟ ನೀರು ತಂದಿಟ್ಟ. ಅವಳು ಅದನ್ನು ಮುಟ್ಟಲಿಲ್ಲ. ಉಳಿದವರು ತಮ್ಮ ತಮ್ಮ ಮೇಜಿನ ಮುಂದೆ ಕೆಲಸ ಮಾಡುವವರಂತೆ ಕೂತಿದ್ದರು, ಯಾರ ಕೈಯೂ ಆಡುತ್ತಿರಲಿಲ್ಲ.

ರುದ್ರಪ್ರಸಾದ್ ಬಂದಾಗ ಹನ್ನೊಂದೂ ಮುಕ್ಕಾಲು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅವರಿಗೆ ಏನೋ ಆಗಿದೆ ಎಂದು ತಿಳಿಯಿತು. ಭಾನುಪ್ರಿಯ ನಿಂತುಕೊಂಡು, ತುಂಡರಿಸದೆ, ಗುರುವಾರದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಅವರು ಗೋಡೆಗಂಟಿಸಿದ್ದ ಕಾಗದದ ಕಡೆ ಒಮ್ಮೆ ನೋಡಿದರು. ಅದನ್ನು ಅಂಟಿಸಿದವರು ಅವರೇ.

“ನನ್ನ ಕೇಳ್ದೆ ಅವರಿಗೆ ಹೇಳ್ದ್ಯಾ?”

“ನಿಮ್ಗೆ ಫೋನು ಹೋಗ್ಲಿಲ್ಲ ಸಾರ್. ವಿಮಾನ ಮೇಲಿತ್ತು.”

ಅವರು ಕೂಗಾಡುವ ಮನುಷ್ಯರಲ್ಲ. ಅವರ ಕುತ್ತಿಗೆಯ ನರ ಮಾತ್ರ ಉಬ್ಬಿತು. ಇಷ್ಟು ವರ್ಷ ಒಂದು ಕಪ್ಪುಚುಕ್ಕೆಯಿಲ್ಲದ ಹೆಸರು, ಒಂದು ಸುರುಳಿ ನಲ್ಲಿ ಟೇಪಿಗೆ ಹೋಯಿತಲ್ಲ ಎಂದರು. ನಾಳೆ ತನಿಖೆಗೆ ಬರುವವರ ಮುಂದೆ ಏನು ಹೇಳಲಿ ಎಂದರು. ಅವರು ಕೈ ಚಾಚಿದರು. ಅವಳು ಡ್ರಾಯರು ತೆಗೆದು ಏಳನೆಯ ಸ್ಟಾಂಪನ್ನು ಅವರ ಅಂಗೈಯಲ್ಲಿಟ್ಟಳು. ಆರು ವರ್ಷ ಕಾದು ಪಡೆದದ್ದು ಅರ್ಧ ನಿಮಿಷದಲ್ಲಿ ಹೋಯಿತು. ಆಶ್ಚರ್ಯವೆಂದರೆ ಆ ಹೊತ್ತಿನಲ್ಲಿ ಅದು ಅವಳಿಗೆ ನೋವೇ ಆಗಲಿಲ್ಲ. ಕಣ್ಣು ಫೋನಿನ ಮೇಲೆಯೇ ಇತ್ತು. ಸ್ಟಾಂಪು ಕೊಟ್ಟವಳು ಫೋನಿನ ಹತ್ತಿರಕ್ಕೆ ಸರಿದು ನಿಂತಳು. ರುದ್ರಪ್ರಸಾದರೂ ಇನ್ನೊಂದು ಮಾತಾಡದೆ ಸ್ಟೂಲು ಎಳೆದುಕೊಂಡು ಅದರ ಎದುರು ಕೂತರು. ಬೈಯುವವರು, ಬೈಸಿಕೊಳ್ಳುವವರು ಇಬ್ಬರೂ ಒಂದೇ ಫೋನನ್ನು ನೋಡುತ್ತ ಕೂತರು.

ಹನ್ನೆರಡಕ್ಕೆ ಎಂಟು ನಿಮಿಷವಿದ್ದಾಗ ಅದು ಬಡಿದುಕೊಂಡಿತು. ಅವಳು ಎತ್ತಿದಳು. ಆ ಕಡೆ ಮುಜಾಮಿಲ್ ಏದುಸಿರು ಬಿಡುತ್ತಿದ್ದ.

“ಇಳದಾರ್ರಿ. ಇಬ್ಬರೂ ಛಲೋ ಅದಾರ.”

ಅವಳು ಹಾಗೆಯೇ ನೆಲದ ಮೇಲೆ ಕುಸಿದು ಕೂತಳು. ಫೋನಿನ ಸ್ಪೀಕರನ್ನು ನಿಯಾಜ್ ಒತ್ತಿದ. ಮುಜಾಮಿಲ್ ಉಳಿದದ್ದನ್ನು ಹೇಳಿದ. ರೇಡಿಯೋದಲ್ಲಿ ಸುದ್ದಿ ಮುಟ್ಟಿದಾಗ ಅವರು ಆಗಲೇ ಇಳಿಯಲು ಶುರುಮಾಡಿದ್ದರು. ಮಾಸ್ತರರು ಮುಳ್ಳಿನ ಕಡೆ ನೋಡಿದಾಗ ಪರದೆಗೂ ಅದಕ್ಕೂ ಮುನ್ನೂರೈವತ್ತು ಅಡಿ ವ್ಯತ್ಯಾಸವಿತ್ತು. ಮತ್ತೆ ಮೇಲಕ್ಕೆತ್ತಿ, ಒಂದು ಸುತ್ತು ಹೊಡೆದು, ಮುಳ್ಳು ನೋಡಿಕೊಂಡು ಇಳಿಸಿದರು. ವಿಮಾನ ನಿಂತ ಕೂಡಲೇ ಮುಜಾಮಿಲ್ ಪರದೆ ಬಿಚ್ಚಿ, ಕಿಂಡಿಗೆ ಟಾರ್ಚು ಬಿಟ್ಟು, ಸಣ್ಣ ಚಿಮಟದಿಂದ ಹಿಡಿದೆಳೆದ. ಒಂದು ಬಿಳೀ ಚೂರು ಬಂತು. ಅದು ಈಗ ಅವನ ಅಂಗೈಯಲ್ಲಿತ್ತು.

ಒಂದು ನಿಮಿಷ ಇರಿ, ಹುಡುಗಿ ನಿಮ್ಮ ಜೊತೆ ಮಾತಾಡಬೇಕಂತೆ ಎಂದು ಅವನು ಫೋನು ಕೊಟ್ಟ.

ಬೈಯುತ್ತಾಳೆ ಎಂದು ಭಾನುಪ್ರಿಯ ಸಿದ್ಧಳಾದಳು. ಬೈಸಿಕೊಳ್ಳುವುದಷ್ಟೇ ತನಗೆ ಉಳಿದಿರುವ ಕೆಲಸ ಎಂದುಕೊಂಡಳು. ಒಂಬತ್ತು ವರ್ಷದಲ್ಲಿ ಅವಳು ನೋಡಿ ಕಳಿಸಿದ ಎತ್ತರವನ್ನು ನಂಬಿ ಹಾರಿದವರು ಯಾರೂ ಅವಳ ಜೊತೆ ಮಾತಾಡಿದ್ದಿಲ್ಲ. ಮಾತಾಡುವ ಮೊದಲನೆಯವಳು ಇವಳು.

ಹುಡುಗಿಯ ಹೆಸರು ಚೈತ್ರಾ. ಊರು ಯಾವುದು ಎಂದು ಇವಳು ಕೇಳಲಿಲ್ಲ, ಆದರೆ ಎರಡು ಮಾತಿನಲ್ಲೇ ಗೊತ್ತಾಯಿತು. ಕನಕಪುರದ ಕಡೆಯ ಮಾತು. ಕೋಡಿಹಳ್ಳಿಯವಳು ಎಂದು ಆಮೇಲೆ ತಾನೇ ಹೇಳಿದಳು. ಬೈಯಲಿಲ್ಲ. ದನಿ ಸಣ್ಣಗೆ ಇತ್ತು. ಶನಿವಾರದಿಂದ ತಾನು ಇಳಿಸುವುದೆಲ್ಲ ತಪ್ಪಾಗುತ್ತಿದೆ ಎಂದಳು. ಇನ್ನೂ ಐನೂರು ಅಡಿ ಇದೆ ಎಂದು ತಾನು ಕೂಗಿ ಹೇಳುವಷ್ಟರಲ್ಲಿ ನೆಲ ಮುಖಕ್ಕೆ ಬಂದಿರುತ್ತಿತ್ತು, ಪ್ರತಿ ಸಲವೂ ಕಿಟಕಿಯಾಚೆ ನೆಲವನ್ನೇ ನೋಡುತ್ತಿದ್ದ ಮಾಸ್ತರರು ವಿಮಾನ ನಡೆಸುವ ಕೋಲನ್ನು ಕಿತ್ತುಕೊಂಡು ತಾವೇ ಎತ್ತುತ್ತಿದ್ದರು. ನಿನಗೆ ಎತ್ತರದ ಅಂದಾಜೇ ಇಲ್ಲ, ಇದು ನಿನ್ನಂಥವರ ಕೈಲಿ ಆಗುವ ಕೆಲಸವಲ್ಲ, ನಾಳೆ ಹಾಗೆಂದು ಬರೆದು ಕೊಡುತ್ತೇನೆ ಎಂದು ನಿನ್ನೆ ಎಲ್ಲರೆದುರಿಗೆ ಹೇಳಿದರಂತೆ. ಇವತ್ತಿನದೇ ಕೊನೆಯ ಅವಕಾಶವಾಗಿತ್ತಂತೆ. ಬೆಳಿಗ್ಗೆ ಎದ್ದು ಬ್ಯಾಗು ಕಟ್ಟಿಟ್ಟೇ ವಿಮಾನ ಹತ್ತಿದ್ದಳಂತೆ.

“ಮುಳ್ಳು ಬ್ಯಾರೆ ತೋರ್ಸ್ತಿದ್ದಿದ್ದು ನಂಗೆ ಕಾಣ್ತಿತ್ತಕ್ಕ. ನಂಗೇ ಮುಳ್ಳು ಓದಕ್ಕೆ ಬರಲ್ಲ ಅಂದ್ಕೊಂಡು ಸುಮ್ಕಿದ್ಬುಟ್ಟೆ. ಹಂಗಾದ್ರೆ ತಪ್ಪು ನಂದಲ್ವಾ?”

ರುದ್ರಪ್ರಸಾದ್ ಸ್ಟೂಲಿನಿಂದ ಅರ್ಧ ಎದ್ದು ಕೈ ಮೇಲೆತ್ತಿದರು. ಫೋನಿನಲ್ಲಿ ಇನ್ನೇನೂ ಹೇಳಬೇಡ, ಹೇಳುವುದನ್ನೆಲ್ಲ ಕಾಗದದಲ್ಲಿ ಹೇಳೋಣ ಎಂದು ಆ ಕೈಯ ಅರ್ಥ. ಭಾನುಪ್ರಿಯ ಆ ಕೈಯನ್ನು ನೋಡಿದಳು. ಬೆಳಿಗ್ಗೆಯಿಂದ ಹಿಡಿದುಕೊಂಡಿದ್ದ ಅಳು ಈಗ ಬಂತು. ಅಳುತ್ತಲೇ, ಶೆಡ್ಡಿನ ಐದೂ ಮೇಜಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

“ನಿಂದಲ್ಲ ಕಣವ್ವ. ನೀ ಸರ್ಯಾಗೇ ಓದಿದ್ದೀಯ. ತಪ್ಪು ನಂದು.”

ಆ ಕಡೆ ಹುಡುಗಿ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಆಮೇಲೆ ಅಂಜುತ್ತಂಜುತ್ತ, ಮಾಸ್ತರರು ಇಲ್ಲೇ ಪಕ್ಕದಲ್ಲಿದ್ದಾರೆ, ಇದೇ ಮಾತನ್ನು ಒಸಿ ಅವರಿಗೂ ಹೇಳುತ್ತೀರಾ ಅಕ್ಕ ಎಂದು ಕೇಳಿದಳು.

ರುದ್ರಪ್ರಸಾದರ ಕೈ ಇನ್ನೂ ಮೇಲೆಯೇ ಇತ್ತು. ಭಾನುಪ್ರಿಯ ಸೆರಗಿನಿಂದ ಮುಖ ಒರೆಸಿಕೊಂಡು ನೆಲದಿಂದ ಎದ್ದು ನಿಂತಳು.

“ಕೊಡವ್ವ ಅವರ ಕೈಗೆ,” ಎಂದಳು.